ಬೊಲೆರೊದ ಬೆನ್ನಿಗೊಂದು ಹಲಗೆ

ಗರಗಸದ ಸದ್ದು ಮೊದಲು ಹಲ್ಲಿಗೆ ತಾಗುತ್ತದೆ, ಕಿವಿಗೆ ಆಮೇಲೆ. ಇಂಡಿ ಪಟ್ಟಣದ ಹೊರವಲಯದ ಬಡಿಗೇರನ ತಗಡಿನ ಚಪ್ಪರದ ಕೆಳಗೆ, ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಾಳೆಯ ಒಂದು ತುದಿ ಹಿಡಿದು ನೀವು ನಿಂತಿದ್ದೀರಿ. ಹಾಳೆ 18 ಮಿಲಿಮೀಟರ್ ದಪ್ಪ, 30 ಕಿಲೋ ಮೀರಿದ ತೂಕ. ಫಾಲ್ಗುಣದ ಬಿಸಿಲು ತಗಡನ್ನು ಕಾಯಿಸಿ ಕೆಳಗಿಳಿಸುತ್ತಿದೆ. ಕೊಯ್ದ ಅಂಚಿನಿಂದ ಏಳುವ ಅಂಟಿನ ಘಾಟು ಮೂಗು ಸುಡುತ್ತದೆ, ಪುಡಿ ಹುಬ್ಬಿಗೆ ಮೆತ್ತಿಕೊಳ್ಳುತ್ತದೆ. ಮುಂಗೈಯ ಬೆವರಿನಲ್ಲಿ ಹಾಳೆ ಜಾರುತ್ತಿದೆ.

"ಕೈ ಸಡ್ಲ ಬಿಡಬ್ಯಾಡ್ರಿ. ಗರಗಸ ಕಚ್ಚಿಕೊಂಡ್ರ ಹಲಗಿ ಒದೀತದ."

ನೀವು ಬಿಡುವುದಿಲ್ಲ. ಬ್ಲೇಡು ಗೆರೆಯ ಕೊನೆಗೆ ಬರುತ್ತಿದ್ದಂತೆ ಸದ್ದು ಏರುತ್ತದೆ, ತುಂಡು ಹಠಾತ್ತನೆ ಬೇರೆಯಾಗುತ್ತದೆ, ಅದರ ಪೂರ್ತಿ ಭಾರ ನಿಮ್ಮ ಮಣಿಕಟ್ಟಿಗೆ ಬೀಳುತ್ತದೆ. ಚಪ್ಪರದ ಹೊರಗೆ ಬೇವಿನ ನೆರಳಲ್ಲಿ ನಿಮ್ಮ ಬೊಲೆರೊ ಹಿಂಬಾಗಿಲು ತೆರೆದುಕೊಂಡು ಕಾಯುತ್ತಿದೆ. ಬಾಗಿಲ ಬೆನ್ನಿಗೆ ಹೆಚ್ಚುವರಿ ಚಕ್ರ ತೂಗುತ್ತಿರುವುದರಿಂದ ಅದು ಗಾಳಿಗೆ ನಿಧಾನ ಆಚೆ ಈಚೆ ಹೊರಳುತ್ತದೆ, ಕೀಲು ಕಿರುಗುಟ್ಟುತ್ತದೆ.

ಮನೆಯವರು ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೊರಟಿದ್ದಾರೆ. ಅವ್ವ, ಸೋದರಮಾವ, ಅಕ್ಕ, ಓಣಿಯ ಹತ್ತಾರು ಜನ. ಈ ಸೀಮೆಯಲ್ಲಿ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ಸೀರೆ, ಅರಿಸಿನ, ಕುಂಕುಮ, ರೊಟ್ಟಿಯ ಗಂಟು ಒಯ್ಯದೆ ಹಬ್ಬ ಮುಗಿಯುವುದಿಲ್ಲ. ಕಂಬಿ ಹೊತ್ತವರು, ಹರಕೆ ಹೊತ್ತವರು, ಮರಗಾಲು ಕಟ್ಟಿಕೊಂಡು ನಡೆಯುವವರೂ ಇರುತ್ತಾರೆ. ಅವರ ಹಿಂದೆ ನೀರು, ಒಲೆ, ಹಾಸಿಗೆ, ಔಷಧಿ ಹೊತ್ತ ಗಾಡಿಯೊಂದು ಬರಬೇಕು. ಈ ವರ್ಷ ಆ ಗಾಡಿ ನಿಮ್ಮದು.

ಸಾಮಾನನ್ನೆಲ್ಲ ಹಿಂದೆ ತುರುಕಿದರೆ ಏನಾಗುತ್ತದೆ ಎಂದು ಇಲ್ಲಿನ ಯಾರಿಗೂ ಹೇಳಿಕೊಡಬೇಕಿಲ್ಲ. ಬೇಕಾದ ಗುಳಿಗೆ ಯಾವಾಗಲೂ ತಳದ ಚೀಲದಲ್ಲಿರುತ್ತದೆ. ಅದಕ್ಕೇ ಈ ಹಲಗೆ. ಕೆಳಗೆ ಸಾಮಾನಿನ ಗೂಡು, ಮೇಲೆ ಗಾದಿ. ರಾತ್ರಿ ತಂಗಿದಲ್ಲಿ ಕಾಲು ನೊಂದವರು ಒಬ್ಬರು ಮೇಲೆ ಮಲಗಬಹುದು.

ಬಡಿಗೇರ ಹಲಗೆ ಮುಟ್ಟುವ ಮೊದಲು ಗಾಡಿಯೊಳಗೆ ತೂರಿಕೊಂಡಿದ್ದ. ಮಂಡಿಯೂರಿ, ಪಟ್ಟಿ ಎಳೆದು, ಗೋಡೆಗೆ ಮಡಚಿ ನಿಲ್ಲಿಸಿದ ಎರಡು ಅಡ್ಡ ಸೀಟುಗಳ ನಡುವಿನ ಜಾಗ ಅಳೆದ. ಕೆಳಗೊಂದು ಅಳತೆ, ಮೇಲೊಂದು, ಬಾಗಿಲ ಬಾಯಿಯಲ್ಲಿ ಇನ್ನೊಂದು. ಮೂರೂ ಬೇರೆ ಬೇರೆ. "ಗಾಡಿ ಒಳಗ ಒಂದೂ ಗ್ವಾಡಿ ನೆಟ್ಟಗ ಇರಂಗಿಲ್ರಿ" ಎಂದು ನಕ್ಕ. ಅವನ ಅಪ್ಪ ಚಕ್ಕಡಿ ಮಾಡುತ್ತಿದ್ದವನು. ಕರಿಜಾಲಿ ಕಡಿದು, ಒಣಗಿಸಿ, ಗುಂಬ ಕೊರೆದು, ಅರೆ ಕೂರಿಸಿ, ಕೆಂಪಗೆ ಕಾಯಿಸಿದ ಕಬ್ಬಿಣದ ಹಳಿ ಏರಿಸಿ ನೀರು ಹೊಯ್ಯುತ್ತಿದ್ದ ಮನೆ ಅದು. ಈಗ ಮಗ ಅಡುಗೆಮನೆಯ ಕಪಾಟು ಮಾಡುತ್ತಾನೆ. ಚಕ್ಕಡಿಯ ಒಂದು ಹಳೆಯ ಗುಂಬ ಚಪ್ಪರದ ಮೂಲೆಯಲ್ಲಿ ಬಿದ್ದಿದೆ. ಅದರ ಮೇಲೆ ಅವನು ಚಹದ ಲೋಟ ಇಡುತ್ತಾನೆ.

ಮೊದಲ ಆಯ್ಕೆ ಸೀಟಿನದು. ಅಡ್ಡ ಸೀಟು ಎರಡನ್ನೂ ಬಿಚ್ಚಿ ಮನೆಯಲ್ಲಿಟ್ಟರೆ ಹಲಗೆ ಗೋಡೆಯಿಂದ ಗೋಡೆಗೆ ಹರಡುತ್ತದೆ. ಆಸೆಯಾಗುತ್ತದೆ. ಆದರೆ ನೋಂದಣಿ ಪುಸ್ತಕದಲ್ಲಿ ಬರೆದ ಗಾಡಿಯ ರೂಪ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ದಂಡ ಕಟ್ಟಿ ಮುಗಿಸಬಹುದು. ಅಪಘಾತವಾದ ಮೇಲೆ ವಿಮೆಯವರು ಸೀಟು ಎಲ್ಲಿ ಎಂದು ಕೇಳಿದರೆ ಉತ್ತರ ಹುಡುಕುವುದು ಕಷ್ಟ. ಸೀಟು ಮಡಚಿಕೊಂಡು ಅಲ್ಲೇ ಇರಲಿ. ಹಲಗೆ ಎರಡೂ ಬದಿಗೆ ಕಿರಿದಾಗುತ್ತದೆ. ಒಬ್ಬರೇ ಮಲಗಬಹುದು, ಅದೂ ಮಗ್ಗುಲಾಗಿ. ಸಾಕು.

ಎರಡನೆಯದು ಎತ್ತರ. ಹಲಗೆ ಎತ್ತರಕ್ಕೇರಿದಷ್ಟೂ ಕೆಳಗೆ ಜಾಗ ಹೆಚ್ಚು, ಮೇಲೆ ಮಲಗಿದವರ ಮೂಗಿಗೆ ಚಾವಣಿ ಹತ್ತಿರ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ನಿಲ್ಲಿಸಿದರೆ ಒಂದೂವರೆ ಅಡಿ ದಾಟುತ್ತದೆ. ಅದಕ್ಕೆ ತಕ್ಕಂತೆ ಹಲಗೆ ಎತ್ತಿದರೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲ, ಗಾಡಿಯ ಭಾರವೂ ಮೇಲೆ ಹೋಗುತ್ತದೆ. ನೀವು ಡ್ರೈವರ್ ಸೀಟಿನಲ್ಲಿ ಕುಳಿತು ಕನ್ನಡಿ ನೋಡುತ್ತೀರಿ, ಬಡಿಗೇರ ಹಿಂದೆ ರಟ್ಟಿನ ತುಂಡೊಂದನ್ನು ಎತ್ತುತ್ತಾ ಇಳಿಸುತ್ತಾ ಹೋಗುತ್ತಾನೆ. ಹನ್ನೊಂದು ಇಂಚಿಗೆ ನಿಲ್ಲಿಸುತ್ತೀರಿ.

ಹಾಗಾದರೆ ನೀರು ಎಲ್ಲಿ? ನಡು ಸೀಟಿನ ಬೆನ್ನಿಗೆ ತಾಗಿ ಹಲಗೆಯನ್ನು ಒಂದಡಿ ಕಡಿಮೆ ಮಾಡಿ, ಆ ಸಂದಿನಲ್ಲಿ ಕ್ಯಾನುಗಳು ನೇರ ನೆಲದ ಮೇಲೆ. ಅತಿ ಭಾರದ್ದು ಕೆಳಗಿರಬೇಕು, ಹಿಂದಿನ ಅಚ್ಚಿಗಿಂತ ಮುಂದಿರಬೇಕು. ಚಕ್ಕಡಿಗೆ ಚೀಲ ಹೇರಿದವರಿಗೆ ಇದು ಗೊತ್ತು. ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳನ್ನು ಒತ್ತುತ್ತದೆ. ಬೊಲೆರೊದಲ್ಲಿ ಮೇಲೇಳುವುದು ಮುಂದಿನ ಚಕ್ರದ ಹಿಡಿತ. ಸ್ಟೀರಿಂಗು ಹಗುರಾದಾಗ ಅದು ಕೈಗೆ ತಿಳಿಯುತ್ತದೆ, ತಿಳಿಯುವ ಹೊತ್ತಿಗೆ ತಿರುವು ಬಂದಿರುತ್ತದೆ.

ಚೌಕಟ್ಟು ಕಟ್ಟುವ ಕೆಲಸ ಬೇಗ ಸಾಗುತ್ತದೆ. ಅಡ್ಡಪಟ್ಟಿ, ನಿಲುವು, ಅಂಟು, ಸ್ಕ್ರೂ. ಕರಿಜಾಲಿ ಬೇಡವೆಂದು ಅವನೇ ಹೇಳುತ್ತಾನೆ. ಮುರಿಯುವುದಿಲ್ಲ ನಿಜ, ಆದರೆ ಭಾರ, ಸ್ಕ್ರೂ ಒಳಗಿಳಿಯದೆ ತಲೆ ಕಳಚುತ್ತದೆ. ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿ ಎಂದು ಪಕ್ಕದ ವೆಲ್ಡಿಂಗ್ ಅಂಗಡಿಯವನು ಬೇಲಿಯಾಚೆಯಿಂದ ಕೂಗುತ್ತಾನೆ. ಬಡಿಗೇರ ತಿರುಗಿ ನೋಡುವುದಿಲ್ಲ. ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡುತ್ತಾನೆ, ಅಂಗೈ ಹರಿಸಿ ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. "ನಿಮ್ಮವ್ವನ ಮಣಕಾಲು ಇಲ್ಲೇ ತಾಗತದ ನೋಡ್ರಿ" ಎನ್ನುತ್ತಾನೆ.

ಹಲಗೆ ಒಳಗೆ ಕೂತಿದೆ. ಈಗ ಅದನ್ನು ಗಾಡಿಗೆ ಹಿಡಿಸಬೇಕು. ನಿಮ್ಮ ಕೈಯಲ್ಲಿ ಡ್ರಿಲ್ ಇದೆ.

ನೆಲದ ರಬ್ಬರು ಹಾಸು ಸರಿಸಿದ್ದೀರಿ. ಕೆಳಗೆ ಬಣ್ಣದ ತಗಡು, ಬೆರಳಿನಲ್ಲಿ ಬಡಿದರೆ ಟೊಳ್ಳು ಸದ್ದು. ನಾಲ್ಕು ತೂತು, ನಾಲ್ಕು ಬೋಲ್ಟು, ಮುಗಿಯಿತು. ಮೊನೆ ತಗಡಿಗೆ ತಾಗಿದೆ. ಹೆಬ್ಬೆರಳು ಗುಂಡಿಯ ಮೇಲಿದೆ. ಆಗ ಮೂಗಿಗೆ ಸಣ್ಣಗೆ ಡೀಸೆಲ್ ವಾಸನೆ ಬಡಿಯುತ್ತದೆ, ಹಳೆಯ ಗಾಡಿಯಲ್ಲಿ ಯಾವಾಗಲೂ ಇರುವಷ್ಟೇ. ಈ ತಗಡಿನ ಕೆಳಗೆ ಎಲ್ಲೋ ಟ್ಯಾಂಕು ಇದೆ. ಎಲ್ಲೋ ಹಿಂದಿನ ಚಕ್ರಗಳಿಗೆ ಬ್ರೇಕಿನ ಎಣ್ಣೆ ಒಯ್ಯುವ ಸಣ್ಣ ಉಕ್ಕಿನ ಕೊಳವೆ ಇದೆ. ಮೊನೆ ತಗಡು ದಾಟಿದ ಮೇಲೆ ಎಷ್ಟು ಕೆಳಗೆ ನುಗ್ಗುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಕೊಳವೆ ಪೂರ್ತಿ ಕತ್ತರಿಸಿದರೆ ಆಗಲೇ ಗೊತ್ತಾಗುತ್ತದೆ. ಬರೀ ಗೀರಿದರೆ? ಅದು ಹೇಳುವುದು ಒಂದು ವಾರದ ನಂತರ, ಒಂದು ಇಳಿಜಾರಿನಲ್ಲಿ.

ಹೆಬ್ಬೆರಳು ತೆಗೆಯುತ್ತೀರಿ. ಡ್ರಿಲ್ ಕೆಳಗಿಡುತ್ತೀರಿ. ಬೆನ್ನಲ್ಲಿ ಬೆವರು ತಣ್ಣಗಾಗುತ್ತದೆ.

ತೂತು ಬೇಡ. ಕಂಪನಿಯವರು ಸೀಟುಗಳ ಉಕ್ಕಿನ ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆ, ಮನುಷ್ಯನ ಭಾರ ತಡೆಯಲೆಂದೇ ಮಾಡಿದ ಹಿಡಿತ ಅದು. ಆ ಬೋಲ್ಟು ಮುಟ್ಟದೆ, ಕಾಲುಗಳ ಸುತ್ತ ಎರಡು ಇಂಚು ಅಗಲದ ರ‍್ಯಾಚೆಟ್ ಪಟ್ಟಿ ಸುತ್ತಿ, ಹಲಗೆಯ ಚೌಕಟ್ಟಿಗೆ ಎಳೆದು ಬಿಗಿಯುತ್ತೀರಿ. ಲಾರಿಯವರು ಬಳಸುವ ಅದೇ ಪಟ್ಟಿ. ಹಿಡಿಕೆ ಒತ್ತಿದಂತೆಲ್ಲ ಟಕ್, ಟಕ್, ಟಕ್. ನಾರು ಬಿಗಿದು ಬೆರಳು ಮೀಟಿದರೆ ತಂಬೂರಿಯ ತಂತಿಯಂತೆ ಗುಂಯ್‌ಗುಟ್ಟುತ್ತದೆ. ಇನ್ನೆರಡು ಪಟ್ಟಿ ನೀರಿನ ಕ್ಯಾನುಗಳ ಕೊರಳಿಗೆ. ಮತ್ತೊಂದು ಮೇಲಿನ ಗಾದಿಗೆ.

"ಹಗ್ಗ ಸಾಲತಿದ್ದಿಲ್ಲೇನ್ರಿ?"

ನೀವು ಸುಮ್ಮನಿರುತ್ತೀರಿ. ಲೆಕ್ಕ ಹೇಳಿದರೆ ಅವನು ನಂಬುತ್ತಾನೋ ಇಲ್ಲವೋ. ಗಂಟೆಗೆ 50 ಕಿಲೋಮೀಟರಿನಲ್ಲಿ ಓಡುವ ಗಾಡಿ ಏನನ್ನಾದರೂ ಬಡಿದು ಅರ್ಧ ಮೀಟರಿನಲ್ಲಿ ನಿಂತರೆ, ಒಳಗಿರುವ ಪ್ರತಿಯೊಂದು ವಸ್ತು ತನ್ನ ತೂಕದ ಇಪ್ಪತ್ತು ಪಟ್ಟು ಬಲದಿಂದ ಮುಂದೆ ನುಗ್ಗುತ್ತದೆ. 20 ಕಿಲೋ ನೀರಿನ ಕ್ಯಾನು ಆ ಕ್ಷಣಕ್ಕೆ 400 ಕಿಲೋ. ಯುರೋಪಿನಲ್ಲಿ ಸೀಟಿನ ಬೆನ್ನು ಸಾಮಾನಿನ ಹೊಡೆತ ತಡೆಯುತ್ತದೆಯೇ ಎಂದು ಪರೀಕ್ಷಿಸುವಾಗ ಹಿಂದೆ ಇಡುವುದು 18 ಕಿಲೋದ ಎರಡೇ ಎರಡು ದಿಮ್ಮಿ. ನಿಮ್ಮ ಹಿಂದೆ ಐದು ಕ್ಯಾನು, ಒಂದು ಒಲೆ, ಪಾತ್ರೆಯ ಗಂಟು, ಮತ್ತು ಈ ಹಲಗೆ. ಇದೆಲ್ಲ ನಿಮ್ಮ ಕುತ್ತಿಗೆಯಿಂದ ನಾಲ್ಕಡಿ ದೂರದಲ್ಲಿದೆ.

ಸಂಜೆ ಸಿಂದಗಿಗೆ ಹೊರಡುತ್ತೀರಿ. ಅಲ್ಲಿ ಸೋದರಮಾವನ ಮನೆಯ ಪಾಲಿನ ರೊಟ್ಟಿ ತರಬೇಕು, ಹಲಗೆ ಹೇಗಿದೆ ಎಂದೂ ನೋಡಿದಂತಾಗುತ್ತದೆ. ಇಂಡಿ ಬಿಡುತ್ತಿದ್ದಂತೆ ಲಿಂಬೆ ತೋಟಗಳು. ಭೌಗೋಳಿಕ ಗುರುತು ಪಡೆದ ಲಿಂಬೆ ಇದು. ಕಿಟಕಿಯಿಂದ ಎಲೆಯ ಹುಳಿ ವಾಸನೆ ಒಳಗೆ ಬಂದು ಅಂಟಿನ ಘಾಟನ್ನು ಹೊರಗೆ ಹಾಕುತ್ತದೆ. ಆಮೇಲೆ ತೋಟ ಮುಗಿದು ಎರೆ ಭೂಮಿ ತೆರೆದುಕೊಳ್ಳುತ್ತದೆ, ಕೊಯ್ದ ಜೋಳದ ಕೂಳೆ, ಬಿರಿದ ನೆಲ, ದೂರದಲ್ಲಿ ಕಣಕಿಯ ಬಣಿವೆ. ಖಾಲಿಯಿದ್ದಾಗ ಹಿಂದಿನ ಕಮಾನು ಪಟ್ಟಿಗಳ ಮೇಲೆ ಕುಣಿಯುತ್ತಿದ್ದ ಬೊಲೆರೊ ಈಗ ಭಾರಕ್ಕೆ ಪಳಗಿದೆ. ಕಿವಿ ಮಾತ್ರ ಹಿಂದೆಯೇ ಇದೆ. ಎಲ್ಲಿ ಕಿರುಗುಟ್ಟಿತು? ಒಲೆಯೋ, ಸ್ಕ್ರೂವೋ? ಗುಂಡಿಗೆ ಚಕ್ರ ಬಿದ್ದಾಗ ನೀವು ಉಸಿರು ಹಿಡಿಯುತ್ತೀರಿ. ಏನೂ ಬೀಳುವುದಿಲ್ಲ.

ಸಿಂದಗಿಯಲ್ಲಿ ಅತ್ತೆ ರೊಟ್ಟಿಯ ಗಂಟು ತಂದು ಕೈಗಿಡುತ್ತಾರೆ. ಸಜ್ಜಿಯದು ಒಂದು ಗಂಟು, ಜೋಳದ್ದು ಎರಡು, ಕಟಕಟ ಒಣಗಿಸಿದವು. ಹಳೆಯ ಧೋತರದಲ್ಲಿ ಸುತ್ತಿ, ನಾಲ್ಕೂ ಮೂಲೆ ಎಳೆದು ಕಟ್ಟಿದ್ದಾರೆ. ಬಟ್ಟೆಯ ಮೇಲೆ ಎಳ್ಳಿನ ಎಣ್ಣೆಯ ಕಲೆ. ಜತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. "ಶ್ರೀಶೈಲಕ್ಕ ಹೋಗೂತನಕ ಒಂದೂ ಮುರೀಬಾರ್ದು, ಮಗಳಿಗೆ ಚೂರು ಕೊಡ್ತಾರೇನು?" ಎನ್ನುತ್ತಾರೆ. ಗಂಟನ್ನು ಹಲಗೆಯ ಕೆಳಗಿನ ಗೂಡಿನಲ್ಲಿ, ಕೌದಿಯ ಮೇಲೆ ಇಡುತ್ತೀರಿ. ಹಲಗೆ ನಡುಗುತ್ತದೆಯೇ ಇಲ್ಲವೇ ಎಂದು ತಿಳಿಯಲು ಇದಕ್ಕಿಂತ ಸೂಕ್ಷ್ಮವಾದ ಯಂತ್ರ ಈ ಜಿಲ್ಲೆಯಲ್ಲಿ ಸಿಗಲಾರದು.

ಮರಳುವಾಗ ಹೊತ್ತು ಮುಳುಗಿದೆ. ಪಶ್ಚಿಮದಲ್ಲಿ ಉಳಿದ ಬೆಳಕು ನೇರ ಕಣ್ಣಿಗೆ. ವೇಗ 60. ಕಿಟಕಿಯಿಂದ ಬರುವ ಗಾಳಿಯಲ್ಲಿ ಹೊಟ್ಟಿನ ವಾಸನೆ ಇದೆ, ಗಂಟಲು ಕೆರೆಯುವ ಜೋಳದ ಹೊಟ್ಟು. ರಾಶಿಯ ಕಾಲ, ಇರುತ್ತದೆ ಎಂದುಕೊಳ್ಳುತ್ತೀರಿ. ರಸ್ತೆ ಎಡಕ್ಕೆ ಬಾಗುತ್ತದೆ.

ಟಾರಿನ ಬಣ್ಣ ಬದಲಾಗಿದೆ. ಕಪ್ಪಿರಬೇಕಾದಲ್ಲಿ ಬಿಳಿ ಹಳದಿ. ಅರ್ಧ ರಸ್ತೆಗೆ ಜೋಳದ ತೆನೆ ಹರಡಿದ್ದಾರೆ, ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು. ಅದರ ಆಚೆ ಒಟ್ಟಿದ ರಾಶಿ. ರಾಶಿಯ ಅಂಚಿಗೆ, ಚಕ್ರ ಹತ್ತದಿರಲೆಂದು, ಸಾಲಾಗಿ ಕರಿಕಲ್ಲು. ಒಂದೊಂದೂ ಮಗುವಿನ ಮಂಡಿಯೆತ್ತರ. ಸಂಜೆಗತ್ತಲಲ್ಲಿ ಕಲ್ಲೂ ಕಪ್ಪು, ರಸ್ತೆಯೂ ಕಪ್ಪು.

ಒಂದು ಸೆಕೆಂಡು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ 16 ಮೀಟರ್ ಸಾಗಿದೆ. ಬಲಕ್ಕೆ ತಿರುಗಿಸಲೇ? ಎದುರಿಗೆ ಒಂದೇ ದೀಪ. ಬೈಕೋ, ಒಂದು ಕಣ್ಣು ಹೋದ ಟ್ರ್ಯಾಕ್ಟರೋ. ಬೇಡ. ನೇರ. ಒತ್ತು. ನಿಮ್ಮದು ಎಬಿಎಸ್ ಕಡ್ಡಾಯವಾದ 2019ಕ್ಕಿಂತ ಮೊದಲಿನ ಗಾಡಿ. ಪೂರ್ತಿ ಒತ್ತಿದರೆ ಚಕ್ರ ಕಟ್ಟಿಕೊಳ್ಳುತ್ತದೆ, ತೆನೆಯ ಮೇಲೆ ಕಟ್ಟಿಕೊಂಡ ಚಕ್ರ ಜಾರುಬಂಡಿ. ಒತ್ತು, ಬಿಡು. ಒತ್ತು, ಬಿಡು. ಟಾರು, ತೆನೆ, ಟಾರು. ಹಿಂಭಾಗ ಬಲಕ್ಕೆ ಒಂದು ಗೇಣು ಸರಿಯುತ್ತದೆ, ಹೊಟ್ಟೆಯೊಳಗೆ ಏನೋ ಅದರ ಜತೆ ಸರಿಯುತ್ತದೆ. ಬೆಲ್ಟು ಎದೆಗೆ ಕಚ್ಚುತ್ತದೆ. ಹಿಂದೆ ನೂರು ಲೀಟರ್ ನೀರು ಒಮ್ಮೆಲೇ ಮುಂದೆ ಬಂದು ಕ್ಯಾನಿನ ಗೋಡೆಗೆ ಬಡಿಯುವ ಸದ್ದು, ಧಪ್! ಸೀಟಿನ ಬೆನ್ನು ನಿಮ್ಮ ಹಿಂದೆಲ್ಲೋ ನರಳುತ್ತದೆ. ಪಟ್ಟಿಯ ಕೊಂಡಿ ಉಕ್ಕಿಗೆ ಉಜ್ಜಿ ಕಿರುಚುತ್ತದೆ. ನೀವು ಕುತ್ತಿಗೆ ಕುಗ್ಗಿಸಿ ಕಾಯುತ್ತೀರಿ.

ಬರುವುದಿಲ್ಲ. ಯಾವುದೂ ಮುಂದೆ ಬರುವುದಿಲ್ಲ.

ಗಾಡಿ ನಿಂತಿದೆ. ಬಾನೆಟ್ಟಿನ ಮುಂದೆ ಮೊದಲ ಕಲ್ಲು ಇದೆ, ಇಳಿದು ನೋಡಿದರೆ ಎರಡು ಹೆಜ್ಜೆ. ಎದುರಿನ ಒಂಟಿ ದೀಪ ಪಕ್ಕದಲ್ಲೇ ಹಾದುಹೋಗುತ್ತದೆ. ಟ್ರ್ಯಾಕ್ಟರು, ಹಿಂದೆ ಕಬ್ಬು ತುಂಬಿದ ಎರಡು ಟ್ರೇಲರ್. ಅತ್ತ ತಿರುಗಿಸಿದ್ದರೆ ಎಂಬ ಯೋಚನೆಯನ್ನು ಕಾಲು ಮಾಡುತ್ತದೆ, ತಲೆಯಲ್ಲ. ಮಂಡಿ ನಡುಗುತ್ತಿದೆ. ಕಂಬಳಿ ಹೊದ್ದ ರೈತನೊಬ್ಬ ರಾಶಿಯ ಹಿಂದಿನಿಂದ ಎದ್ದು ಬರುತ್ತಾನೆ. ಬೈಯಬೇಕೆಂದು ಬಾಯಿ ತೆರೆಯುತ್ತೀರಿ. ಅವನ ಹೊಲದಲ್ಲಿ ಕಣ ಮಾಡುವಷ್ಟು ಜಾಗವಿಲ್ಲ, ತೆನೆ ಬಡಿಯಲು ಆಳು ಸಿಗುವುದಿಲ್ಲ, ಯಂತ್ರದ ಬಾಡಿಗೆ ಹೊಂದುವುದಿಲ್ಲ. ಇದೆಲ್ಲ ನಿಮಗೂ ಗೊತ್ತು. ಆದರೂ ಆ ಕಲ್ಲುಗಳಿಗೆ ಕ್ಷಮೆಯಿಲ್ಲ. "ಕಲ್ಲಿಗೆ ಒಂದು ಸುಣ್ಣನಾದ್ರೂ ಬಳೀರಿ" ಎಂದಷ್ಟೇ ಹೇಳುತ್ತೀರಿ. ಅವನು ತಲೆಯಾಡಿಸುತ್ತಾನೆ, ನೀರು ಕೇಳುತ್ತಾನೆ. ಕೊಡುತ್ತೀರಿ.

ಹಿಂಬಾಗಿಲು ತೆರೆದು ಟಾರ್ಚು ಹಿಡಿಯುತ್ತೀರಿ. ಹಲಗೆ ಇದ್ದಲ್ಲೇ ಇದೆ. ಒಂದು ಪಟ್ಟಿ ಮಾತ್ರ ಸಡಿಲಾಗಿದೆ. ಹರಿದಿಲ್ಲ. ಮಧ್ಯಾಹ್ನ ಬಿಗಿಯುವಾಗ ಸಂದುಗಳಲ್ಲಿ ಉಳಿದಿದ್ದ ಗಾಳಿಯೆಲ್ಲ ದಾರಿಯ ಕುಲುಕಾಟಕ್ಕೆ ಹೊರಟುಹೋಗಿ, ಭಾರ ಕುಳಿತುಕೊಂಡಿದೆ. ಹಿಡಿಕೆ ನಾಲ್ಕು ಟಕ್ ಮುಂದೆ ಹೋಗುತ್ತದೆ. ರೊಟ್ಟಿಯ ಗಂಟು ಬಿಚ್ಚಿ ಬೆರಳಿನಿಂದ ಎಣಿಸುತ್ತಾ ಹೋಗುತ್ತೀರಿ. ಮೇಲಿನ ಒಂದು ಅಂಚಿನಲ್ಲಿ ಮುರಿದಿದೆ. ಅಲ್ಲೇ ನಿಂತು ತಿನ್ನುತ್ತೀರಿ. ಬಾಯಿ ಒಣಗಿದ್ದರಿಂದ ನುಂಗಲು ಹೊತ್ತು ಹಿಡಿಯುತ್ತದೆ.

ನಡಿಗೆ ಶುರುವಾಗಿದೆ. ದೇವರ ಹಿಪ್ಪರಗಿ, ಮಡಿವಾಳ ಮಾಚಿದೇವರ ಊರು, ಹಿಂದೆ ಬಿತ್ತು. ಬಸವನ ಬಾಗೇವಾಡಿಯಲ್ಲಿ ತಂಗಿದ ರಾತ್ರಿ ಹಲಗೆಯ ಮೇಲೆ ಅಕ್ಕ ಮಲಗಿದಳು, ಕೆಳಗೆ ನೆಲದಲ್ಲಿ ಉಳಿದವರು. ಬಸವಣ್ಣ ಹುಟ್ಟಿದ ಊರಲ್ಲಿ ಎತ್ತರದಲ್ಲಿ ಮಲಗಲು ಮುಜುಗರ ಎಂದು ಅವಳು ನಗೆಯಾಡಿದಳು, ಮಲಗಿದ ಕೂಡಲೇ ನಿದ್ದೆ ಹೋದಳು. ಗೂಡಿನಿಂದ ಏನು ಕೇಳಿದರೂ ಒಂದು ನಿಮಿಷದಲ್ಲಿ ಕೈಗೆ ಸಿಗುತ್ತಿದೆ. ಮುಲಾಮು, ಹತ್ತಿ, ಸೂಜಿ, ಲಿಂಬೆ, ಉಪ್ಪು. ಎಲ್ಲರೂ ಹಲಗೆಯನ್ನು ಹೊಗಳುತ್ತಾರೆ. ಪಟ್ಟಿಯನ್ನು ಯಾರೂ ನೋಡುವುದಿಲ್ಲ.

ಮುದ್ದೇಬಿಹಾಳದ ದಾರಿಯಲ್ಲಿ ಮಧ್ಯಾಹ್ನ. ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿದೆ. ಅವ್ವ ಬೇವಿನ ಬುಡದಲ್ಲಿ ಕುಳಿತು ಕಾಲು ಚಾಚಿದ್ದಾಳೆ. ಎಡಗಾಲ ಹಿಮ್ಮಡಿಯ ಬೊಬ್ಬೆ ಒಡೆದು ಒಳಗಿನ ಕೆಂಪು ಕಾಣುತ್ತಿದೆ, ಅಂಚಿಗೆ ಎರೆಮಣ್ಣಿನ ಪುಡಿ ಸೇರಿದೆ. ನೀವು ನೀರು ಹನಿಸಿ ತೊಳೆಯುವಾಗ ಅವಳು ನಿಮ್ಮ ಭುಜ ಹಿಡಿಯುತ್ತಾಳೆ, ಉಗುರು ಅಂಗಿ ದಾಟಿ ಚರ್ಮಕ್ಕೆ ತಾಗುತ್ತದೆ. ಇಂದು ಇನ್ನು ನಡೆಯುವಂತಿಲ್ಲ. ಮುಂದಿನ ತಂಗುದಾಣದವರೆಗೆ ಗಾಡಿಯಲ್ಲಿ ಎಂದು ಒಪ್ಪಿಸಲಿಕ್ಕೇ ಅರ್ಧ ಗಂಟೆ. ಹರಕೆ ಮುರಿಯಿತೆಂದು ಕಣ್ಣೊರೆಸಿಕೊಳ್ಳುತ್ತಾಳೆ. ಆಮೇಲೆ ಹಿಂಬಾಗಿಲ ಕಡೆ ಕುಂಟುತ್ತಾ ಹೋಗುತ್ತಾಳೆ.

"ಇಲ್ಲೇ ಮ್ಯಾಲ ಅಡ್ಡಾಗ್ತೀನಿ. ಕಾಲು ಚಾಚಿದ್ರ ಆರಾಮ ಅನಸ್ತದ."

ಗಾದಿ ಹಾಸಿದೆ. ಅಗಲ ಅವಳ ಮೈಗೆ ಸರಿಯಾಗಿದೆ, ಬಡಿಗೇರ ಗುಂಡಗೆ ಮಾಡಿದ ಮೂಲೆಗೆ ಅವಳ ಮಂಡಿ ತಾಗಿಯೂ ತಾಗದಂತಿದೆ. ಹತ್ತೇ ಕಿಲೋಮೀಟರು. ನಿಧಾನ ಓಡಿಸಿದರಾಯಿತು ಎಂದು ಸೋದರಮಾವ. ಪಾಪ, ಮಲಗಲಿ ಬಿಡು ಎಂದು ಅಕ್ಕ. ಎಲ್ಲರ ಕಣ್ಣೂ ನಿಮ್ಮ ಮೇಲೆ. ನಿಮ್ಮ ಕಿವಿಯಲ್ಲಿ ಮಾತ್ರ ಆ ಸಂಜೆಯ ನೀರು ಮತ್ತೊಮ್ಮೆ ಧಪ್ಪೆನ್ನುತ್ತದೆ. ನೀರಿಗೆ ಪಟ್ಟಿಯಿತ್ತು. ಅವ್ವನಿಗೆ ಏನಿದೆ? ಎಪ್ಪತ್ತರ ಮೈ, 50 ಕಿಲೋ ತೂಕ.

"ಬ್ಯಾಡವ್ವ. ಮುಂದ ಕೂಡು. ಬೆಲ್ಟ್ ಹಾಕ್ತೀನಿ."

ಅವಳ ಮುಖ ಸಣ್ಣದಾಗುತ್ತದೆ. ಹಲಗೆ ಮಾಡಿಸಿದ್ದು ಯಾರಿಗೆ ಮತ್ತೆ ಎಂದು ಕೇಳುತ್ತಾಳೆ, ಉತ್ತರಕ್ಕೆ ಕಾಯುವುದಿಲ್ಲ. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಕಾಲ ಕೆಳಗೆ ರೊಟ್ಟಿಗೆ ಹಾಸಿದ್ದ ಕೌದಿಯನ್ನೇ ಮಡಚಿಡುತ್ತೀರಿ, ಬೆಲ್ಟು ಎಳೆದು ಸಿಕ್ಕಿಸುತ್ತೀರಿ. ದಾರಿಯುದ್ದಕ್ಕೂ ಮಾತಿಲ್ಲ. ತಂಗುದಾಣ ಬಂದು, ಎಂಜಿನ್ನು ನಿಂತು, ಕೈಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಅವಳನ್ನು ಹಲಗೆಯ ಮೇಲೆ ಹತ್ತಿಸುತ್ತೀರಿ. ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಸಿಟ್ಟು ರಾತ್ರಿಯ ಊಟದವರೆಗೂ ಇಳಿಯುವುದಿಲ್ಲ, ಇರಲಿ.

ಮುಂದೆ ನಾರಾಯಣಪುರದ ಕಡೆ ಕೃಷ್ಣೆ, ಆಚೆ ಲಿಂಗಸುಗೂರು, ರಾಯಚೂರು. ಆತ್ಮಕೂರು ದಾಟಿದರೆ ನಡೆಯುವವರು ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳದ ಕಾಡುದಾರಿ ಹಿಡಿದು ಕೈಲಾಸ ದ್ವಾರಕ್ಕೆ ಏರುತ್ತಾರೆ. ಗಾಡಿಗೆ ಆ ದಾರಿಯಿಲ್ಲ. ಅದು ದೋರ್ನಾಲದ ಮೇಲೆ ಸುತ್ತಿ ನಲ್ಲಮಲೆಯ ಘಾಟಿ ಹತ್ತಬೇಕು. ಅಲ್ಲಿ ಪ್ರತಿ ತಿರುವಿನಲ್ಲೂ ಭಾರ ಒಂದೊಂದು ಬದಿಗೆ ತೂಗುತ್ತದೆ.

ನೀವೂ ಇಂಥದ್ದೊಂದು ಹಲಗೆ ಮಾಡಿಸುವುದಾದರೆ ಮರಕ್ಕೆ ಕೊಟ್ಟಷ್ಟೇ ಹಣವನ್ನು ಪಟ್ಟಿಗೂ ಕೊಡಿ. ಹೊರಟು ಹತ್ತು ಕಿಲೋಮೀಟರಾದ ಮೇಲೆ ಒಮ್ಮೆ ನಿಲ್ಲಿಸಿ, ಇಳಿದು, ಎಳೆದು ನೋಡಿ. ಮೊದಲ ಸಲ ಅದು ಸಡಿಲಾಗಿಯೇ ಇರುತ್ತದೆ.